ಕೊಪ್ಪಳದ ಸಂಜಿ ಇಂಗ್ಲಿಷ್ ಕ್ಲಾಸ್: ಸರ್ ಚಲೋ ಅದಾರ, ಬುಕ್‌ಲೆಟ್ ಮಾತ್ರ ತಗೋಬ್ಯಾಡ್ರಿ

ಕೊಪ್ಪಳದಾಗ ಸಂಜಿ ಬ್ಯಾಚಿನ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಹುಡುಕೋರಿಗೆ ಉಪಯೋಗ ಆಗ್ಲಿ ಅಂತ ಬರಿಯಾಕತ್ತೀನಿ. ಹೆಸರು ಹಾಕಂಗಿಲ್ಲ, ಯಾಕಂದ್ರ ಬೈಯೋದೂ ಸ್ವಲ್ಪ ಐತಿ. ನಾನು ಗಿಣಿಗೇರಿ ಕಡಿ ಸ್ಪಂಜ್ ಐರನ್ ಪ್ಲಾಂಟ್‌ನಾಗ ಕೆಲಸ ಮಾಡಾಂವ, ಇಂಗ್ಲಿಷ್ ಓದಾಕ ಬರ್ತೈತಿ, ವೆಂಡರ್‌ಗೆ ಒಂದು ಮೇಲ್ ಬರಿಯಪಾ ಅಂದ್ರ ಮಾತ್ರ ಮುಂದಿನ ಸಾಲು ಹೊಳಿಯಂಗಿಲ್ಲ, ಅದಕ್ಕ ಸೇರ್ಕೊಂಡೆ. ಜೋಡಿಗಿರೋರು ಬಾಳಷ್ಟು ಮಂದಿ ಎಸ್ಸೆಸ್ಸಿ, ಬ್ಯಾಂಕ್ ಎಕ್ಸಾಮಿನ ಹುಡುಗ್ರು.

ಮೊದ್ಲ ಬುಕ್‌ಲೆಟ್ ವಿಷಯ ಮುಗಿಸಿಬಿಡ್ತೀನಿ. ಫೀಸ್ ಬಿಟ್ಟು ಇದಕ್ಕ ಬ್ಯಾರೆ 150 ರೂಪಾಯಿ ಇಸ್ಕೋತಾರ, ಝೆರಾಕ್ಸ್ ಹಾಳಿಗೆ ಸ್ಪೈರಲ್ ಹಾಕ್ಯಾರ ಅಷ್ಟ. ಹಟಮಾರಿಗಳ ಪೇಜ್ ತೆಗೀರಿ: ಸ್ಟಬರ್ನ್, ಆಬ್ಸ್ಟಿನೇಟ್, ಪಿಗ್‌ಹೆಡೆಡ್, ಅಡಮಂಟ್, ಟೆನೇಶಿಯಸ್, ನಡುವ ಎಲ್ಲಾ ಕಡಿ ಈಕ್ವಲ್ ಟು ಗುರುತು. ಎಕ್ಸಾಮ್‌ನಾಗ ನಾಕು ಆಪ್ಷನ್‌ನಾಗ ಒಂದು ಟಿಕ್ ಮಾಡೋರಿಗೆ ಇಷ್ಟು ಸಾಕಾಗಬೋದು, ಆದ್ರ ಇದನ್ನ ನಂಬಿ ರೇಟ್ ಇಳಿಸಲಾರದ ವೆಂಡರ್‌ಗೆ 'ಯು ಆರ್ ಪಿಗ್‌ಹೆಡೆಡ್' ಅಂತ ಮೇಲ್ ಹಾಕಿದ್ರ ಮರುದಿನ ಲೋಡ್ ಬರಂಗಿಲ್ಲ, ಸೀದಾ ಬೈಗಳ ಅದು. ಟೆನೇಶಿಯಸ್ ಅನ್ನೋದು ಪೂರಾ ಉಲ್ಟಾ, ಹಿಡದ ಕೆಲಸ ಬಿಡಂಗಿಲ್ಲಪಾ ಇಂವ ಅಂತ ಹೊಗಳೋದು, ಅದನ್ನೂ ಅದ ಸಾಲಿನಾಗ ತುರುಕ್ಯಾರ.

ಸರ್ ಮಾತ್ರ ಬ್ಯಾರೇನ ಕಲಿಸ್ತಾರ. ಬುಕ್‌ಲೆಟ್ ಮುಚ್ಚಿಸಿ, ಈ ಮಾತು ಯಾರು ಯಾರಿಗೆ ಅಂತಾರ ಹೇಳ್ರಿ ಅಂತ ಶುರು ಮಾಡ್ತಾರ. 1948ರಾಗ ಬಿಬಿಸಿ ರೇಡಿಯೋದಾಗ ಬರ್ಟ್ರಂಡ್ ರಸೆಲ್ ಅನ್ನೋ ಇಂಗ್ಲಿಷ್ ತತ್ವಜ್ಞಾನಿ ಒಂದು ತಮಾಷಿ ಮಾಡಿದ್ನಂತ: ನಾನಾದ್ರ ಫರ್ಮ್, ನೀನಾದ್ರ ಆಬ್ಸ್ಟಿನೇಟ್, ಅಂವಾದ್ರ ಪಿಗ್‌ಹೆಡೆಡ್ ಮೂರ್ಖ. ಸರ್ ಅದನ್ನ ನಮ್ಮ ಕಡಿಗೆ ತಿರುಗಿಸಿ ನಂದು ಛಲ, ನಿಂದು ಹಟ, ಅವಂದು ಮೊಂಡುತನ ಅಂದ್ರು, ಹಿಂದಿನ ಬೆಂಚಿಗೂ ಗಪ್ ಅಂತ ತಿಳೀತು.

ಒಂದಿನ ದುರ್ಯೋಧನನ ತಂದ್ರು. ಐದು ಊರು ಹೋಗ್ಲಿ, ಸೂಜಿಮೊನಿಯಷ್ಟು ಜಾಗನೂ ಕೊಡಂಗಿಲ್ಲ ಅಂದ್ನಲ್ಲ, ಯಾವ ಪದ ಹಾಕ್ತೀರಿ ಅಂತ ಕೇಳಿದ್ರು. ಒಬ್ಬಾಂವ ಪಿಗ್‌ಹೆಡೆಡ್ ಅಂದ. ಮುಂದಿನ ಸಾಲಿನ ಹುಡುಗಿ ತಟ್ಟನ ಎದ್ದು "ಸರ್, ನಮ್ಮಜ್ಜ ದೊಡ್ಡಾಟದಾಗ ದುರ್ಯೋಧನನ ಪಾತ್ರ ಹಾಕ್ತಾರ, ಅವರ ಮುಂದ ಹಿಂಗಂದ್ರ ಗದಾ ತಗೊಂಡು ಬರ್ತಾರ ನೋಡ್ರಿ" ಅಂದ್ಲು. ಕ್ಲಾಸ್ ಎಲ್ಲಾ ಒಂದ ಗದ್ಲ. ಸರ್ ಆಮ್ಯಾಲ ಬೋರ್ಡಿನ ಮ್ಯಾಲ ಬಿಡಿಸಿದ್ರು: ಕೃಷ್ಣ ಸಂಧಾನಕ್ಕ ಬಂದಾಗ ಒಂದ್ ಹೆಜ್ಜಿನೂ ಹಿಂದ ಸರೀಲಿಲ್ಲ, ಅಲ್ಲಿ ಇಂಟ್ರಾನ್ಸಿಜೆಂಟ್, ಮಾತುಕತಿ, ರಾಜಕೀಯ, ಯೂನಿಯನ್ ಜಗಳಕ್ಕ ಹೊಂದೋ ಪದ ಅದು, ಭೀಷ್ಮ ವಿದುರ ಬಿಡಿಸಿ ಬಿಡಿಸಿ ಹೇಳಿದ್ರೂ ಕೇಳ್ಲಿಲ್ಲ, ಅಲ್ಲಿ ಆಬ್ಸ್ಟಿನೇಟ್, ಕರ್ಣನ ಕೈ ಕಡೀತನಕ ಬಿಡ್ಲಿಲ್ಲ, ಅಲ್ಲಿ ಸ್ಟೆಡ್‌ಫಾಸ್ಟ್. ಆ ಹುಡುಗಿ ಮೂರನೇದನ್ನಷ್ಟ ಬರ್ಕೊಂಡ್ಲು.

ಡೈಹಾರ್ಡ್ ಫ್ಯಾನ್ ಅಂತ ನಾವು ಸಿನಿಮಾ ಹೀರೋಗಳಿಗೆ ಅಂತೀವಲ್ಲ, ಅದು ಮಿಲಿಟರಿಯಿಂದ ಬಂದದ್ದಂತ. 1811ರಾಗ ಸ್ಪೇನ್‌ನ ಆಲ್ಬುವೆರಾ ಯುದ್ಧದಾಗ ಬ್ರಿಟಿಷರ 57ನೇ ರೆಜಿಮೆಂಟಿಗೆ ಬಿದ್ದ ಅಡ್ಡೆಸರು. ರಿಕ್ಯಾಲ್ಸಿಟ್ರಂಟ್ ಅಂದ್ರ ಮ್ಯಾಲಿನವ್ರ ಮಾತಿಗೆ ತಿರುಗಿ ಬೀಳಾಂವ, ಲ್ಯಾಟಿನ್‌ನಾಗ ಹಿಮ್ಮಡಿಲೆ ಒದಿಯೋದು ಅಂತ ಮೂಲ ಅರ್ಥ. ಉಚ್ಚಾರ ಮಾಡೋದ್ರಾಗ ನಮಗ ಸಾಕಾತು.

ನನಗ ಬಾಳ ಹಿಡಿಸಿದ್ದು ರಿಫ್ರಾಕ್ಟರಿ. ಪ್ಲಾಂಟ್‌ನಾಗ ದಿನಾ ಬಾಯಾಗ ಇರೋ ಪದ, ಕಿಲ್ನ್ ಅಂದ್ರ ಅದಿರು ಕಾಸೋ ದೊಡ್ಡ ಕುಲುಮಿ, ಅದರೊಳಗ ಸಾವಿರ ಡಿಗ್ರಿ ಹತ್ರ ಕಾವು ಇರ್ತೈತಿ, ಆ ಕಾವಿಗೆ ಉಕ್ಕಿನ ಶೆಲ್ ಹಾಳಾಗಬಾರ್ದು ಅಂತ ಒಳಗ ಹಾಕಿರೋ ಲೈನಿಂಗ್‌ಗೆ ರಿಫ್ರಾಕ್ಟರಿ ಅಂತೀವಿ, ಅದು ಬಿಚ್ಚಿ ಬಿತ್ತಂದ್ರ ಶಟ್‌ಡೌನ್, ಎಲ್ಲರ ರಜಾನೂ ಕ್ಯಾನ್ಸಲ್. ಅದ ಪದ ಹೇಳಿದ ಮಾತು ಕೇಳಲಾರದ ಮನಷ್ಯಾಗೂ ಅಂತಾರ, ಔಷಧಕ್ಕ ಬಗ್ಗಲಾರದ ರೋಗಕ್ಕೂ ಡಾಕ್ಟರ್‌ಗಳು ಅಂತಾರ ಅಂತ ಸರ್ ಹೇಳಿದಾಗ, ನಮ್ಮ ಶಿಫ್ಟಿನ ಫಿಟ್ಟರ್ ಒಬ್ರು ನೆನಪಾಗಿ ನಗು ತಡ್ಯಾಕ ಆಗ್ಲಿಲ್ಲ. ಲೈನಿಂಗ್ ಹೆಂಗ ಹಾಕ್ತಾರ ಅಂತ ಸರ್ ನನ್ನ ಎಬ್ಬಿಸಿ ಇಂಗ್ಲಿಷ್‌ನಾಗ ಹೇಳಿಸಿದ್ರು, ತಡವರಿಸಿ ತಡವರಿಸಿ ಹೇಳಿದೆ, ತಾವೂ ನೋಟ್ ಮಾಡ್ಕೊಂಡ್ರು. ಇಂಥ ಸರ್ ಸಿಗೋದು ಕಮ್ಮಿ.

ಇನ್ನ ಬೈಗಳ. ಬ್ಯಾಚ್ ದೊಡ್ದು, ಹಂಗ ಎದ್ದು ಮಾತಾಡೋ ಪಾಳಿ ದಿನಾ ಬರಂಗಿಲ್ಲ. ಬ್ಯಾಸಿಗ್ಯಾಗ ಆ ಪತ್ರಾಸ್ ರೂಮ್ ಕುದೀತೈತಿ, ಎರಡು ಫ್ಯಾನ್‌ನಾಗ ಒಂದು ಬರೇ ಸಪ್ಪಳ ಮಾಡ್ತೈತಿ. ನನ್ನ ಶಿಫ್ಟ್ ಬದ್ಲಾಗಿ ಒಂದು ವಾರ ತಪ್ತು, ಮುಂದಿನ ಬ್ಯಾಚಿನಾಗ ಅಷ್ಟು ದಿನ ಕುಂದ್ರಾಕ ಬಿಡ್ರಿ ಅಂತ ಆಫೀಸಿನ ಮೇಡಂಗೆ ಕೇಳಿದ್ರ, ಹಿಡದ ಮೊಲಕ್ಕ ಮೂರ ಕಾಲು, ಹೊಸಾ ಫೀಸ್ ಕಟ್ರಿ ಅಂದ್ರು. ಅಡಮಂಟ್ ಅನ್ನೋದು ಒಡಿಲಾರದ ಕಲ್ಲು ಅನ್ನೋ ಗ್ರೀಕ್ ಪದದಿಂದ ಬಂದದ್ದು, ಡೈಮಂಡ್‌ನೂ ಅದ ಬೇರಿಂದು ಅಂತ ಸರ್ ಹಿಂದಿನ ದಿನಾನ ಹೇಳಿದ್ರು, ಉದಾಹರಣಿ ಕೌಂಟರ್‌ನಾಗ ಸಿಕ್ತು. ಸರ್‌ಗೆ ಹೇಳಿದ್ರ ಅವರೂ ಕೈ ಮ್ಯಾಲ ಮಾಡಿದ್ರು, ಮಾಲೀಕರು ಬ್ಯಾರೆ ಅದಾರಂತ.

5ಕ್ಕ 3.5 ಕೊಡ್ತೀನಿ, ಅದೂ ಪೂರಾ ಸರ್ ಸಲುವಾಗಿ. ಶಿಫ್ಟ್ ಕೆಲಸದವ್ರು ಸೇರೋಕ್ಕಿಂತ ಮೊದ್ಲ ತಪ್ಪಿದ ಕ್ಲಾಸ್ ವಿಷಯ ಚೀಟಿ ಮ್ಯಾಲ ಬರಿಸ್ಕೋರಿ, ಬಾಯಿಮಾತು ನಡಿಯಂಗಿಲ್ಲ. ಬುಕ್‌ಲೆಟ್ ಕಡ್ಡಾಯ ಅಂತಾರ, ಕಡ್ಡಾಯ ಏನಿಲ್ಲ, ಒಂದು 200 ಪೇಜಿನ ನೋಟ್‌ಬುಕ್ ತಗೊಂಡು ಹೋಗ್ರಿ.