ಈದ ಎಮ್ಮೆ ಕೆಂಪು ಗಂಜಳ ಹೊಯ್ದರೆ ಕ್ಯಾಲ್ಸಿಯಂ ಬಾಟಲಿ ನಂಬಿ ಕೂರಬೇಡಿ

ಗೋಕಾಕ ಕಡೆಯ ಒಂದು ಕಬ್ಬಿನ ಊರಲ್ಲಿ ನಾಲ್ಕನೇ ಸೂಲಿನ ಮುರ್ರಾ ಎಮ್ಮೆ, ಈದು ಮೂರನೇ ವಾರಕ್ಕೆ ಕೆಂಪು ಗಂಜಳ ಹೊಯ್ಯತೊಡಗಿತು. ಮರುದಿನ ಅದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಉಷ್ಣ ಅಂತ ಮಜ್ಜಿಗೆ ಕುಡಿಸಿದರು. ಔಷಧಿ ಅಂಗಡಿಯಿಂದ ಕ್ಯಾಲ್ಸಿಯಂ ಬಂತು, ಆಮೇಲೆ ಉಣ್ಣೆ ಜ್ವರದ (ಉಣ್ಣೆ ಹುಳ ಕಚ್ಚಿ ಬರುವ ಜ್ವರ) ಇಂಜೆಕ್ಷನ್. ಮೈಯಲ್ಲಿ ಜ್ವರವೇ ಇರಲಿಲ್ಲ! ಪಶುವೈದ್ಯರು ಬರುವಷ್ಟರಲ್ಲಿ ಕಣ್ಣರೆಪ್ಪೆಯ ಒಳಭಾಗ ಪೂರ್ತಿ ಬಿಳಿಚಿಕೊಂಡಿತ್ತು, ಸಗಣಿ ಗಟ್ಟಿಯಾಗಿ ಎಮ್ಮೆ ತಿಣುಕುತ್ತಿತ್ತು. ಉಳಿಯಲಿಲ್ಲ.

ಇದು ರಂಜಕದ (ಫಾಸ್ಫರಸ್) ಕೊರತೆ. ರಂಜಕ ಇಳಿದರೆ ಕೆಂಪು ರಕ್ತಕಣಗಳಿಗೆ ಶಕ್ತಿ ಸಿಗದೆ ಅವು ಒಡೆಯುತ್ತವೆ, ಆ ಬಣ್ಣ ಗಂಜಳದಲ್ಲಿ ಬರುತ್ತದೆ. ಹೆಚ್ಚು ಹಾಲಿನ ಎಮ್ಮೆಗಳಲ್ಲಿ, ಮೂರನೇ ಸೂಲಿನಿಂದ ಮೇಲೆ, ಈದ 2–4 ವಾರದೊಳಗೆ ಜಾಸ್ತಿ. ತುಂಬು ಗಬ್ಬದಲ್ಲೂ ಬರುವುದುಂಟು.

ಆ ಮನೆಯಲ್ಲಿ ತಪ್ಪಿದ್ದು ಈಯುವ ಮೊದಲೇ. "ಬತ್ತಿದ ಎಮ್ಮೆಗೆ ಹಿಂಡಿ ಯಾಕೆ ದಂಡ" ಅಂತ ಎರಡು ತಿಂಗಳು ಬರೀ ಕಬ್ಬಿನ ಸೋಗೆ, ಜೋಳದ ಕಣಿಕೆ. ಒಂದು ಕಿಲೋ ಗೋಧಿ ಬೂಸಾದಲ್ಲಿ ಸುಮಾರು 10 ಗ್ರಾಂ ರಂಜಕ ಇದ್ದರೆ ಕಣಿಕೆಯಲ್ಲಿ 1–2 ಗ್ರಾಂ. ಈದ ಮೇಲೆ ಪ್ರತಿ ಲೀಟರ್ ಹಾಲಿನ ಜೊತೆ ಒಂದು ಗ್ರಾಂಗಿಂತ ಹೆಚ್ಚು ಹೊರಗೆ ಹೋಗುತ್ತದೆ. ಸೋಗೆಯಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಹಿಡಿದಿಡುವುದು ನಿಜ. ಹಾಗಂತ ಬರೀ ಕ್ಯಾಲ್ಸಿಯಂ ಸುರಿದರೆ ರಂಜಕ ಎಲ್ಲಿಂದ ಬರಬೇಕು?

ಗಂಜಳವನ್ನು ಗಾಜಿನ ಲೋಟದಲ್ಲಿ ಒಂದು ಗಂಟೆ ಇಡಿ. ಕೆಂಪು ತಳಕ್ಕೆ ಇಳಿದು ಮೇಲೆ ತಿಳಿಯಾದರೆ ಮೂತ್ರದ ದಾರಿಯಲ್ಲಿ ರಕ್ತ, ಅದು ಬೇರೆ ರೋಗ. ಒಂದೇ ಸಮ ಬಣ್ಣ ಉಳಿದರೆ ರಕ್ತಕಣ ಒಡೆದಿವೆ. ಉಣ್ಣೆ ಜ್ವರದಲ್ಲೂ ಹೀಗೇ ಕಾಣುತ್ತದೆ, ಆದರೆ ಅದರಲ್ಲಿ ಮೈ ಕಾಯುತ್ತದೆ. ಥರ್ಮಾಮೀಟರ್ ಇಟ್ಟು ನೋಡಿ, ಅದೇ ದಿನ ವೈದ್ಯರನ್ನು ಕರೆಸಿ. ಅವರು ಸಾಮಾನ್ಯವಾಗಿ 60 ಗ್ರಾಂ ಸೋಡಿಯಂ ಆಸಿಡ್ ಫಾಸ್ಫೇಟನ್ನು 300 ಮಿಲಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ನರಕ್ಕೆ ಏರಿಸುತ್ತಾರೆ, ಮುಂದಿನ ಡೋಸ್ ಅವರೇ ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ ರಂಜಕದ ಟಾನಿಕ್ ಇಂಜೆಕ್ಷನ್ ಇದಕ್ಕೆ ಬದಲಿ ಅಲ್ಲ, ಅದರಲ್ಲಿರುವುದು ಸಾವಯವ ರಂಜಕ, ರಕ್ತದಲ್ಲಿ ಇಳಿದ ರಂಜಕದ ಮಟ್ಟ ಏರಿಸುವುದಿಲ್ಲ.

ಬತ್ತಿದ ಎರಡು ತಿಂಗಳು ದಿನಕ್ಕೆ 1.5–2 ಕಿಲೋ ಹಿಂಡಿ-ಬೂಸಾ, 50 ಗ್ರಾಂ ಖನಿಜ ಮಿಶ್ರಣ ಕೊಡಿ. ಚೀಲದ ಮೇಲೆ ಓದಿ: ಕ್ಯಾಲ್ಸಿಯಂ 20%, ರಂಜಕ 12% ಇರಬೇಕು. ರಂಜಕದ ಹೆಸರೇ ಇಲ್ಲದಿದ್ದರೆ ನೀವು ಕೊಂಡದ್ದು ಸುಣ್ಣದ ಪುಡಿ. ಕೊನೆಯ ಮೂರು ವಾರ ನಿಧಾನವಾಗಿ ಹಿಂಡಿಯನ್ನು 2.5–3 ಕಿಲೋಗೆ ಏರಿಸಿ, ಆದರೆ ಆಗ ಕ್ಯಾಲ್ಸಿಯಂ ಬಾಟಲಿ ಕುಡಿಸಬೇಡಿ. ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಅಭ್ಯಾಸ ತಪ್ಪಿ, ಈದ ಕೂಡಲೇ ಹಾಲು ಜ್ವರಕ್ಕೆ (ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಎಮ್ಮೆ ಕುಸಿಯುವ ರೋಗ) ದಾರಿಯಾಗುತ್ತದೆ. ಈದ ಮೇಲೆ ಮೂರು ದಿನಕ್ಕೊಮ್ಮೆ ಅರ್ಧ ಕಿಲೋ ಹೆಚ್ಚಿಸುತ್ತಾ, ಎರಡು ಲೀಟರ್ ಹಾಲಿಗೆ ಒಂದು ಕಿಲೋ ಲೆಕ್ಕಕ್ಕೆ ತನ್ನಿ. ಒಮ್ಮೆಲೇ ಸುರಿದರೆ ಹೊಟ್ಟೆ ಹುಳಿಯುತ್ತದೆ.

ಇದೇ ಮೇವಿನಲ್ಲಿ ಕೆಂಪು ಗಂಜಳ ಬಾರದೆ ಉಳಿದವುಗಳಿಗೂ ನಷ್ಟ ತಪ್ಪಿದ್ದಲ್ಲ. ಈದ ಮೇಲೆ ಮೈ ಇಳಿದು ಪಕ್ಕೆಲುಬು ಎದ್ದ ಎಮ್ಮೆ ಬೆದೆಗೆ ತಡ ಮಾಡುತ್ತದೆ. ಬಂದರೂ ಹಸುವಿನ ಹಾಗೆ ಕೂಗಿ ಹಾರುವುದು ಕಡಿಮೆ. ನಸುಕಿನಲ್ಲಿ, ಮಲಗಿದ ಜಾಗದಲ್ಲಿ ಲೋಳೆ ಬಿದ್ದಿದೆಯೇ ನೋಡಿ. ಈದ 60 ದಿನದ ಮೇಲೆ ಗಬ್ಬದ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಬಹುದು. 90 ದಿನ ದಾಟಿದರೂ ಬೆದೆ ಕಾಣದಿದ್ದರೆ, ಹಾರ್ಮೋನ್ ಕೇಳುವ ಮೊದಲು ಗರ್ಭಕೋಶ ಪರೀಕ್ಷೆ ಮಾಡಿಸಿ.