ಕಾಶಿಯಲ್ಲಿ ಕನ್ನಡದಲ್ಲಿ ಮಾತಾಡಿಸಿದರೆ ಸ್ವಲ್ಪ ಹುಷಾರು

ಅಡಿಕೆ ಕೊಯ್ಲು ಮುಗಿದ ಮೇಲೆ ನಮ್ಮ ಕಡೆಯಿಂದ ಕಾಶಿಗೆ ಹೊರಡುವವರು ಜಾಸ್ತಿ. ಹೊರಟವರು ಇದನ್ನೊಮ್ಮೆ ಓದಿಕೊಳ್ಳಿ.

ಕಳೆದ ಫೆಬ್ರವರಿಯಲ್ಲಿ ತೀರ್ಥಹಳ್ಳಿಯಿಂದ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ‘ಗಂಗಾ ಸ್ನಾನ, ತುಂಗಾ ಪಾನ’ ಅನ್ನುತ್ತಾರಲ್ಲ, ಅಮ್ಮನಿಗೆ ಪಾನ ಹುಟ್ಟಿದಾಗಿನಿಂದ ಆಗಿದೆ, ಸ್ನಾನ ಒಂದು ಬಾಕಿ ಇತ್ತು.

ಮಣಿಕರ್ಣಿಕಾ ಘಾಟಿನ ಹತ್ತಿರ ಗಲ್ಲಿಯಲ್ಲಿ ನಾವು ಮಾತಾಡಿಕೊಳ್ಳುವುದನ್ನು ಕೇಳಿಸಿಕೊಂಡು ಒಬ್ಬ ಬಂದ. “ಅಮ್ಮಾ, ಕರ್ನಾಟಕನಾ? ಶಿವಮೊಗ್ಗನಾ?” ಹರಕು ಮುರುಕು ಕನ್ನಡ. ಆದರೆ ಎರಡು ದಿನದಿಂದ ಬರೀ ಹಿಂದಿ ಕೇಳಿ ಸುಸ್ತಾಗಿದ್ದ ಅಮ್ಮನಿಗೆ ಅಷ್ಟೇ ಸಾಕಾಯಿತು. ದುಡ್ಡೇನೂ ಬೇಡ, ನಾನಿಲ್ಲಿ ಸೇವೆ ಮಾಡುವವನು ಅಂದ. ಚಿತೆಗಳು ಕಾಣುವ ಹಳೇ ಕಟ್ಟಡವೊಂದಕ್ಕೆ ಹತ್ತಿಸಿದ. ಮೇಲೆ ಹೋದಮೇಲೆ ಶುರುವಾಯಿತು: ಇಲ್ಲಿ ಸಾಯಲೆಂದೇ ಬಂದ ದಿಕ್ಕಿಲ್ಲದ ಮುದುಕರಿದ್ದಾರೆ, ಅವರ ಚಿತೆಗೆ ಕಟ್ಟಿಗೆ ಕೊಡಿಸಿ. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು ಬಂದು ಅಮ್ಮನ ತಲೆ ಮೇಲೆ ಕೈಯಿಟ್ಟಳು. ಕಟ್ಟಿಗೆ ಕಿಲೋಗೆ ಇಷ್ಟು, ಒಂದು ಹೆಣಕ್ಕೆ ಇಷ್ಟು ಕ್ವಿಂಟಲ್ ಅಂತ ಲೆಕ್ಕ ಹೇಳಿದ. ನಾನು 200 ರೂಪಾಯಿ ತೆಗೆದೆ. “ಇಷ್ಟರಲ್ಲಿ ಒಂದು ಕೈ ಸುಡಲ್ಲ” ಅಂದುಬಿಟ್ಟ. ಅಷ್ಟರಲ್ಲಿ ಇನ್ನಿಬ್ಬರು ಮೆಟ್ಟಿಲಿಗೆ ಅಡ್ಡ ನಿಂತಿದ್ದರು. ಕನ್ನಡ ಮಾಯವಾಗಿತ್ತು. 3,500 ಕೊಟ್ಟು ಇಳಿದೆವು.

ಹೆಣ ತಂದವರು ಕಟ್ಟಿಗೆಯನ್ನು ಘಾಟಿನ ಅಂಗಡಿಯಲ್ಲೇ ತೂಗಿಸಿ ಕೊಳ್ಳುತ್ತಾರೆ. ನೋಡಲು ಹೋದವರು ಯಾರಿಗೂ ಏನೂ ಕೊಡಬೇಕಿಲ್ಲ. ಯಾರು ಕರೆದರೂ ಮೇಲೆ ಹತ್ತಬೇಡಿ. ಚಿತೆಯ ಫೋಟೊ ಖಂಡಿತ ಬೇಡ. ಸತ್ತವರ ಮನೆಯವರಿಗೆ ನೋವು, ಜೊತೆಗೆ ‘ದಂಡ ಕಟ್ಟು’ ಅಂತ ಹಿಡಿದುಕೊಳ್ಳುವವರಿಗೆ ಅದೇ ನೆಪ.

ವಿಶ್ವನಾಥನ ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ. ಗಲ್ಲಿಯ ಅಂಗಡಿಯವರು ‘ಲಾಕರ್ ಫ್ರೀ’ ಅಂತ ಕರೆದು ಹೂವಿನ ಬುಟ್ಟಿ ಕೈಗಿಡುತ್ತಾರೆ. ಬುಟ್ಟಿಯ ರೇಟು ಮೊದಲೇ ಕೇಳಿ, ಇಲ್ಲ ರೂಮಿನಲ್ಲೇ ಮೊಬೈಲ್ ಇಟ್ಟು ಹೋಗಿ. ಬೇಗ ದರ್ಶನ ಆಗಬೇಕಾದರೆ ‘ಸುಗಮ ದರ್ಶನ’ದ ಚೀಟಿಯನ್ನು ದೇವಸ್ಥಾನದ್ದೇ ವೆಬ್‌ಸೈಟಿನಲ್ಲಿ ತೆಗೆದುಕೊಳ್ಳಿ, ದಾರಿಯಲ್ಲಿ ಸಿಕ್ಕವರ ಹತ್ತಿರ ಅಲ್ಲ. ದೋಣಿಯವನು ‘ಐನೂರು’ ಅಂದರೆ ಅದು ತಲೆಗೋ ಇಡೀ ದೋಣಿಗೋ ಅಂತ ದಡದಲ್ಲೇ ಇತ್ಯರ್ಥ ಆಗಲಿ. ಕನ್ನಡ ಕೇಳಲೇಬೇಕು ಅನ್ನಿಸಿದರೆ ಗೋದೌಲಿಯಾ ಹತ್ತಿರ ಜಂಗಮವಾಡಿ ಮಠ ಇದೆ.

ಕಾಶಿಗೆ ಹೋದವರು ಇಷ್ಟದ ಪದಾರ್ಥ ಒಂದನ್ನು ಬಿಟ್ಟು ಬರಬೇಕಲ್ಲ, ಅಮ್ಮ ಹಾಗಲಕಾಯಿ ಬಿಟ್ಟಿದ್ದಾಳೆ. ಮೊದಲೂ ಮುಟ್ಟುತ್ತಿರಲಿಲ್ಲ. ಗಂಗಾ ಸಮಾರಾಧನೆಯ ದಿನ ಚಿಕ್ಕಮ್ಮ ಏನು ಬಿಟ್ಟೆ ಅಂತ ಕೇಳಿದ್ದಕ್ಕೆ ಅಂದಳು: “ಹಾಗಲಕಾಯಿ, ಮತ್ತೆ ಮೂರೂವರೆ ಸಾವಿರ. ಆದ್ರೆ ಏನೇ ಹೇಳು ಮಾರಾಯ್ತಿ, ಆ ಹುಡುಗ ಕನ್ನಡ ಮಾತ್ರ ಚೆನ್ನಾಗಿ ಮಾತಾಡ್ತಿದ್ದ.”