ಈಸ್ಟನ್ ಜಾಝ್ 1816: ನಿಧಾನದ ಬಾಣದ ಪರವಾಗಿ ಒಂದು ವಿಮರ್ಶೆ

ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲು ಕೊಂಡ ಪ್ರತಿಯೊಬ್ಬರೂ ಎರಡನೇ ತಿಂಗಳಿಗೇ ಕೇಳುವ ಪ್ರಶ್ನೆ, "ಇದಕ್ಕಿಂತ ಫಾಸ್ಟ್ ಹೋಗೋ ಬಾಣ ಯಾವುದು?" ನನ್ನನ್ನು ಕೇಳಿದರೆ 18 ಮತ್ತು 30 ಮೀಟರಿನಲ್ಲಿ ಅಭ್ಯಾಸ ಮಾಡುವವರು ಫಾಸ್ಟ್ ಬಾಣದ ಆಸೆ ಬಿಟ್ಟು ಈಸ್ಟನ್ ಕಂಪನಿಯ ಜಾಝ್ 1816 ಎಂಬ ಈ ಅಲ್ಯೂಮಿನಿಯಂ ಬಾಣವನ್ನೇ ಕೊಳ್ಳಬೇಕು. ಪೀಣ್ಯದ ಟೂಲ್‌ರೂಮಿನಲ್ಲಿ ಕೆಲಸ ಮಾಡುವವನು ನಾನು. ಅಳತೆ ಹಾಕಿ ನೋಡದೆ ಯಾವುದನ್ನೂ ಚೆನ್ನಾಗಿದೆ ಎನ್ನುವವನಲ್ಲ. ಅಳತೆಗಳನ್ನೇ ಮುಂದಿಡುತ್ತೇನೆ.

ನನ್ನ ಬಿಲ್ಲು 68 ಇಂಚಿನದು. ನನ್ನ ಎಳೆತಕ್ಕೆ ಬೆರಳ ಮೇಲೆ ಬೀಳುವ ಭಾರ 34 ಪೌಂಡ್. ಬಾಣದ ಉದ್ದ 29 ಇಂಚು.

ಜಾಝ್ ನೋಡಲು ನೇರಳೆ ಬಣ್ಣದ ಸಾದಾ ಕೊಳವೆ. ಅದರ ಮೇಲಿನ ಸಂಖ್ಯೆ ನನಗೆ ತುಂಬ ಇಷ್ಟ, ಏಕೆಂದರೆ ಅದರಲ್ಲಿ ಮುಚ್ಚುಮರೆ ಇಲ್ಲ. 18 ಎಂದರೆ ಹೊರವ್ಯಾಸ ಇಂಚಿನ 64ರಲ್ಲಿ 18 ಭಾಗ, 16 ಎಂದರೆ ಗೋಡೆಯ ದಪ್ಪ 16 ಥೌ, ಅಂದರೆ ಇಂಚಿನ ಸಾವಿರದಲ್ಲಿ 16 ಭಾಗ. ಮೈಕ್ರೋಮೀಟರ್ ಹಿಡಿದವರಿಗೆ ಇಷ್ಟು ಸಾಕು. ಸ್ಪೈನ್ ಎಂದು ಕರೆಯುವ ಬಿಗಿತವನ್ನು ನೋಡಬೇಕಾದರೆ 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಬಾಣ ಮಲಗಿಸಿ ನಡುವೆ 880 ಗ್ರಾಂ ತೂಗುಬಿಡಬೇಕು. ಎಷ್ಟು ಥೌ ಬಾಗುತ್ತದೋ ಅದೇ ಸ್ಪೈನ್. 1816ಕ್ಕೆ ಈಸ್ಟನ್ ಕೊಡುವ ಅಂಕಿ 756. ಕೆಲಸ ಮುಗಿದ ಮೇಲೆ ನಮ್ಮ ಸರ್ಫೇಸ್ ಪ್ಲೇಟಿನ ಮೇಲೆ ಎರಡು ವಿ-ಬ್ಲಾಕ್ ಇಟ್ಟು, ಡಯಲ್ ಗೇಜ್ ಹಚ್ಚಿ ಒಂದೊಂದನ್ನೇ ನೋಡಿದೆ. ಮುಳ್ಳು ಪ್ರತಿ ಬಾಣಕ್ಕೂ ಹೆಚ್ಚು ಕಮ್ಮಿ ಅದೇ ಜಾಗಕ್ಕೆ ಬಂದು ನಿಂತಿತು. ಬಾಣವನ್ನು ತಿರುಗಿಸಿ ಇನ್ನೊಂದು ಮಗ್ಗುಲಿಂದ ನೋಡಿದರೂ ಅಷ್ಟೇ. ಈ ಬೆಲೆಗೆ ಇಂಥ ಏಕರೂಪತೆ ಸಿಗುವುದು ದೊಡ್ಡ ಮಾತು.

ತೂಕ ಇಂಚಿಗೆ 9.3 ಗ್ರೇನ್. ಮೊನೆ, ಹೆದೆಗೆ ಸಿಕ್ಕಿಸುವ ನಾಕ್, ಹಿಂಬದಿಯ ರೆಕ್ಕೆಗಳಾದ ವೇನ್ ಎಲ್ಲ ಸೇರಿ ನನ್ನ ಬಾಣ 365 ಗ್ರೇನ್, ಅಂದರೆ ಸುಮಾರು 23.6 ಗ್ರಾಂ. ಹೋಲಿಕೆಗೆ ಇಟ್ಟುಕೊಂಡದ್ದು ಅಷ್ಟೇ ಉದ್ದದ, ಹೆಚ್ಚು ಕಮ್ಮಿ ಅಷ್ಟೇ ಸ್ಪೈನಿನ ತೆಳು ಕಾರ್ಬನ್ ಬಾಣ. ಅದು ತೂಗಿದ್ದು 280 ಗ್ರೇನ್. ವೇಗ ಅಳೆಯುವ ಕ್ರೋನೋಗ್ರಾಫ್ ಮೇಲೆ ಹಾಯಿಸಿದಾಗ ಅಲ್ಯೂಮಿನಿಯಂ ಸೆಕೆಂಡಿಗೆ 170 ಅಡಿ ಆಸುಪಾಸು, ಕಾರ್ಬನ್ 186ರ ಆಸುಪಾಸು. ಬಿಲ್ಲು ಅದೇ, ಹೆದೆ ಅದೇ, ಎಳೆತ ಪೂರ್ತಿಯಾದಾಗ ಟಿಕ್ ಎನ್ನುವ ಕ್ಲಿಕರ್ ಪಟ್ಟಿಯೂ ಅದೇ ಜಾಗದಲ್ಲಿ.

16 ಅಡಿ ಜಾಸ್ತಿ ಸಿಕ್ಕಿತಲ್ಲ ಎಂದು ಖುಷಿಪಡುವ ಮೊದಲು ಇನ್ನೊಂದು ಲೆಕ್ಕ ಹಾಕಬೇಕು. ಎರಡೂ ಬಾಣಗಳು ಬಿಲ್ಲಿನಿಂದ ಒಂದೇ ಶಕ್ತಿ ಪಡೆದಿದ್ದರೆ ಕಾರ್ಬನ್ 194ಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಅಲ್ಯೂಮಿನಿಯಂ ಹೊತ್ತೊಯ್ದ ಶಕ್ತಿ ಸುಮಾರು 31.7 ಜೂಲ್, ಕಾರ್ಬನ್ ಹೊತ್ತೊಯ್ದದ್ದು 29.2 ಜೂಲ್. ಉಳಿದದ್ದು ಲಿಂಬ್‌ಗಳ (ಬಿಲ್ಲಿನ ಬಾಗುವ ಎರಡು ತೋಳುಗಳ) ನಡುಕಕ್ಕೆ, ಹೆದೆಯ ಅದುರಿಗೆ, ಸದ್ದಿಗೆ ಹೋಯಿತು. ಬಿಟ್ಟಾಗ ಬಿಲ್ಲು ಬಾಣವನ್ನಷ್ಟೇ ಅಲ್ಲ, ತನ್ನ ಲಿಂಬ್ ತುದಿಗಳನ್ನೂ ಹೆದೆಯನ್ನೂ ಓಡಿಸಬೇಕು. ಈ ಹೊರೆಯನ್ನು ಬಾಣದ ತೂಕದ ಜೊತೆ ಕೂಡಿಸಿ ಲೆಕ್ಕ ಹಾಕುವ ದಾರಿಯನ್ನು ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ತೋರಿಸಿಕೊಟ್ಟರು. ಅದಕ್ಕೆ ವರ್ಚುವಲ್ ಮಾಸ್ ಎಂದು ಹೆಸರು. ಮೇಲಿನ ಎರಡು ವೇಗಗಳಿಂದ ನನ್ನ ಬಿಲ್ಲಿಗೆ ಅದು ಸುಮಾರು 150 ಗ್ರೇನ್ ಬರುತ್ತದೆ. ಅಂದರೆ ಯಾವ ಬಾಣ ಇಟ್ಟರೂ ಬಿಲ್ಲು 150 ಗ್ರೇನ್ ಹೆಚ್ಚುವರಿ ಎಳೆಯುತ್ತಿರುತ್ತದೆ. ಬಾಣ ಹಗುರವಾದಷ್ಟೂ ಆ ದಂಡದ ಪಾಲು ದೊಡ್ಡದು. ಭಾರದ ಬಾಣ ಬಿಟ್ಟಾಗ ಕೈಗೆ ಬರುವ ಆ ಮೆತ್ತನೆಯ, ತುಂಬಿದ ಅನುಭವಕ್ಕೆ ಕಾರಣ ಇದೇ. ಬಿಲ್ಲಿನ ಬಾಳಿಕೆಗೂ ಅದು ಒಳ್ಳೆಯದು. ಎಳೆತದ ಭಾರದ ಪ್ರತಿ ಪೌಂಡಿಗೆ 5 ಗ್ರೇನ್‌ಗಿಂತ ಕೆಳಗೆ ಹೋಗಬೇಡಿ ಎನ್ನುವ ರೂಢಿಯ ನಿಯಮ ಇರುವುದೂ ಅದಕ್ಕೇ, ಏಕೆಂದರೆ ಅತಿ ಹಗುರ ಬಾಣ ಬಿಡುವುದು ಬಾಣವೇ ಇಲ್ಲದೆ ಹೆದೆ ಬಿಟ್ಟಂತೆ.

ವೇಗದಿಂದ ಸಿಗುವುದೇನು? ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 30 ಮೀಟರಿಗೆ ಹೋಗುವಷ್ಟರಲ್ಲಿ ಅಲ್ಯೂಮಿನಿಯಂ ಬಾಣ ಕಾರ್ಬನ್‌ಗಿಂತ 27 ಸೆಂಟಿಮೀಟರ್ ಹೆಚ್ಚು ಬೀಳುತ್ತದೆ. ಗುರಿ ಹಿಡಿಯುವ ಸೈಟನ್ನು ಒಂದಿಷ್ಟು ಕೆಳಗಿಳಿಸಿದರೆ ಕಥೆ ಮುಗಿಯಿತು. ಗುರಿಹಲಗೆ ಎಲ್ಲಿಗೂ ಓಡಿಹೋಗುವುದಿಲ್ಲ. ದೂರ ಗೊತ್ತಿರುವ ಆಟದಲ್ಲಿ ಬಾಣ ಎಷ್ಟು ಬೀಳುತ್ತದೆ ಎನ್ನುವುದಕ್ಕಿಂತ ಪ್ರತಿ ಸಲವೂ ಅಷ್ಟೇ ಬೀಳುತ್ತದೆಯೇ ಎನ್ನುವುದು ಮುಖ್ಯ.

ಜಾಝ್ ನನ್ನ ಮನಸ್ಸು ಗೆದ್ದದ್ದು ಇಲ್ಲೇ. ಆಭರಣ ತೂಗುವ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟಾಗ ಸೆಟ್ಟಿನ ಬಾಣಗಳ ನಡುವಿನ ವ್ಯತ್ಯಾಸ ಒಂದೆರಡು ಗ್ರೇನ್. ಕಾರ್ಬನ್ ಸೆಟ್ಟಿನಲ್ಲಿ ಐದು ಗ್ರೇನ್‌ವರೆಗೆ ಹೋಯಿತು. ಮೊನೆ ಕೂರಿಸಿದ ಅಂಗಡಿಯವರು ಅಂಟು ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಹಾಕಿದ್ದರು. ಐದು ಗ್ರೇನ್ ಎಂದರೆ ನನ್ನ ಬಿಲ್ಲಿನಲ್ಲಿ ಸೆಕೆಂಡಿಗೆ ಹೆಚ್ಚು ಕಮ್ಮಿ ಒಂದಡಿ, 50 ಮೀಟರಿನಲ್ಲಿ ನಾಲ್ಕೂವರೆ ಸೆಂಟಿಮೀಟರ್ ಮೇಲೆ ಕೆಳಗೆ. 122 ಸೆಂಟಿಮೀಟರ್ ಗುರಿಮುಖದ ಒಂದು ಉಂಗುರದ ಅಗಲ 6.1 ಸೆಂಟಿಮೀಟರ್. ಗೆರೆಯ ಪಕ್ಕ ಬಿದ್ದ ಬಾಣಕ್ಕೆ ಒಂದು ಅಂಕ ಹೋಗಲು ಅಷ್ಟು ಸಾಕು.

ಆದರೆ ಬಿಲ್ಲಿನ ಹೊಂದಾಣಿಕೆ ಕೈಕೊಟ್ಟರೆ ಆಗುವ ನಷ್ಟದ ಮುಂದೆ ಇದು ಏನೂ ಅಲ್ಲ. ಎಳೆತ ಒಂದಿಂಚು ಹೆಚ್ಚಾದರೆ ಭಾರವೂ ಸುಮಾರು ಎರಡು ಪೌಂಡ್ ಏರುತ್ತದೆ, ಹೆದೆ ಬಾಣವನ್ನು ತಳ್ಳುವ ದೂರವೂ ಏರುತ್ತದೆ. ವೇಗ ಏಳೆಂಟು ಅಡಿ ಮೇಲೆ. ಇದನ್ನು ತಿರುಗಿಸಿ ನೋಡಿ. ದಣಿದ ಕೈ ಬಿಡುವ ಹೊತ್ತಿಗೆ ಅರ್ಧ ಇಂಚು ಕುಸಿದರೆ ನಾಲ್ಕು ಅಡಿ ಕಡಿಮೆ, 50 ಮೀಟರಿನಲ್ಲಿ ಬಾಣ ಇಪ್ಪತ್ತು ಸೆಂಟಿಮೀಟರಿಗೂ ಹೆಚ್ಚು ಕೆಳಗೆ, ಅಂದರೆ ಮೂರು ಉಂಗುರ! ಬಾಣಕ್ಕೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪವನ್ನು ಒಳ್ಳೆಯ ಕ್ಲಿಕರಿಗೆ ಹಾಕಿ ಎಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕೇ.

ಲಿಂಬ್ ಬೋಲ್ಟ್ ಬಿಗಿಮಾಡಿ ಒಂದು ಪೌಂಡ್ ಏರಿಸಿದರೆ ಎರಡೂವರೆ ಅಡಿ ಸಿಗುತ್ತದೆ. ಎರಡೂ ಬೋಲ್ಟನ್ನು ಸಮಸಮ ತಿರುಗಿಸಬೇಕು, ಇಲ್ಲದಿದ್ದರೆ ಟಿಲ್ಲರ್, ಅಂದರೆ ಮೇಲಿನ ಕೆಳಗಿನ ಲಿಂಬ್‌ಗಳ ಸಮತೋಲ, ತಪ್ಪುತ್ತದೆ. ಬ್ರೇಸ್ ಹೈಟ್, ಅಂದರೆ ಹೆದೆಗೂ ಹಿಡಿಕೆಗೂ ನಡುವಿನ ಅಂತರ, ಅರ್ಧ ಇಂಚು ಇಳಿಸಿದರೆ ಒಂದೆರಡು ಅಡಿ. 68 ಇಂಚಿನ ಬಿಲ್ಲಿಗೆ ಎಂಟೂವರೆಯಿಂದ ಒಂಬತ್ತು ಇಂಚಿನ ನಡುವೆ ಎಲ್ಲಿ ಸದ್ದು ಅತಿ ಕಡಿಮೆಯೋ ಅಲ್ಲೇ ನಿಲ್ಲಿಸುವುದು ನನ್ನ ಪದ್ಧತಿ. ಒಂದೆರಡು ಅಡಿಗಾಗಿ ಬಿಲ್ಲು ಕಿರುಚುವುದು ನನಗೆ ಬೇಡ. ಡೇಕ್ರಾನ್ ಹೆದೆ ತೆಗೆದು ಹಿಗ್ಗದ ಡೈನೀಮಾ ಹೆದೆ ಹಾಕಿದರೂ ವೇಗ ಏರುತ್ತದೆ, ಆದರೆ ಲಿಂಬ್ ತುದಿ ಅದನ್ನು ತಡೆಯುತ್ತದೆಯೇ ಎಂದು ತಯಾರಕರ ಸೂಚನೆ ಓದಿಯೇ ಹಾಕಿ. ಹಳೆಯ ಬಿಲ್ಲುಗಳ ತುದಿ ಸೀಳುವುದುಂಟು.

ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಬಾಣದ ನಡವಳಿಕೆ ಬದಲಾಗುತ್ತದೆ. ಪೌಂಡ್ ಏರಿದರೆ ಅದೇ ಬಾಣ ಹೆಚ್ಚು ಬಾಗುತ್ತದೆ. ಮೊನೆ ಭಾರವಾದರೂ ಅಷ್ಟೇ. ವೇನ್ ಇಲ್ಲದ ಒಂದು ಬಾಣವನ್ನು ಉಳಿದವುಗಳ ಜೊತೆ 18 ಮೀಟರಿನಿಂದ ಬಿಡಿ. ಬಲಗೈಯವರಿಗೆ ಅದು ಬಲಕ್ಕೆ ಹೋದರೆ ಬಾಣ ಮೆದು, ಎಡಕ್ಕೆ ಹೋದರೆ ಗಟ್ಟಿ. 34 ಪೌಂಡಿಗೆ 29 ಇಂಚಿನ 1816 ನನಗೆ ಪ್ಲಂಜರಿನ (ಬಾಣದ ಮಗ್ಗುಲಿಗೆ ಒತ್ತುವ ಸ್ಪ್ರಿಂಗ್ ಗುಂಡಿಯ) ಚಿಕ್ಕ ತಿದ್ದುಪಡಿಯಲ್ಲೇ ಕೂತಿತು. 30 ಪೌಂಡಿನ ಒಳಗಿನವರು 1716 ನೋಡಿ, 38 ದಾಟಿದವರು 1916.

ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲು ಕೊಳ್ಳುವವರಿಗೂ ಒಂದು ಮಾತು. ಡಬ್ಬದ ಮೇಲೆ ಬರೆದಿರುವ 330, 340 ಅಡಿಯ ವೇಗ ಸಾಮಾನ್ಯವಾಗಿ 70 ಪೌಂಡ್, 30 ಇಂಚು ಎಳೆತ, 350 ಗ್ರೇನ್ ಬಾಣದ ಲೆಕ್ಕ. ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಆರ್ಚರಿಯ ಸ್ಪರ್ಧೆಗಳಲ್ಲಿ 60 ಪೌಂಡಿಗಿಂತ ಹೆಚ್ಚಿಗೆ ಅವಕಾಶವೇ ಇಲ್ಲ. ನಿಮ್ಮ ಎಳೆತ 28 ಇಂಚು, ಬಾಣ 400 ಗ್ರೇನ್ ಆಗಿದ್ದರೆ ಆ ಅಂಕಿಯಿಂದ ಎಷ್ಟೋ ಅಡಿ ಕಳೆದೇ ಯೋಚಿಸಿ.

ಜಾಝ್‌ಗೆ ಮಿತಿ ಇಲ್ಲವೆಂದಲ್ಲ. ಯಾವ ಅಲ್ಯೂಮಿನಿಯಂ ಬಾಣವಾದರೂ ಸ್ಟ್ಯಾಂಡಿನ ಮರಕ್ಕೆ ಬಡಿದರೆ ಬಾಗುತ್ತದೆ. ಗಾಜಿನ ಮೇಲೆ ಉರುಳಿಸಿದರೆ ಕುಣಿತ ತಕ್ಷಣ ಕಾಣುತ್ತದೆ, ಅಂಥದ್ದನ್ನು ಪಕ್ಕಕ್ಕಿಡಿ. ಒಳ್ಳೆಯದೆಂದರೆ ಕಾರ್ಬನ್‌ನಂತೆ ಕಾಣದ ಸೀಳು ಬಿಟ್ಟು ಕೈಗೆ ಚುಚ್ಚುವ ಭಯ ಇಲ್ಲ. ಇನ್ನು 70 ಮೀಟರಿಗೆ 34 ಪೌಂಡಿನಲ್ಲಿ ಇದು ಸಲ್ಲ. ಸೈಟನ್ನು ಅಷ್ಟು ಕೆಳಗಿಳಿಸಿದರೆ ಬಾಣದ ವೇನ್ ಅದಕ್ಕೇ ತಾಗುತ್ತದೆ. ಮೇಲಾಗಿ ದಪ್ಪ ಕೊಳವೆಗೆ ಅಡ್ಡಗಾಳಿ ಜಾಸ್ತಿ ಹಿಡಿಯುತ್ತದೆ. ಅಲ್ಲಿ ತೆಳು ಕಾರ್ಬನ್ ಬೇಕೇ ಬೇಕು.

ಆದರೆ ಅಲ್ಲಿಯೂ ಅತಿ ಹಗುರದ್ದು ಅತ್ಯುತ್ತಮವಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಬಂದ ಈಸ್ಟನ್ ಎಕ್ಸ್10 ತನ್ನದೇ ಕಂಪನಿಯ ಎಸಿಇ ಬಾಣಕ್ಕಿಂತ ತೆಳು, ಆದರೆ ಭಾರ. ಬಿಲ್ಲಿನಿಂದ ಹೊರಡುವಾಗ ಸ್ವಲ್ಪ ನಿಧಾನ, ಗಾಳಿಯಲ್ಲಿ ಮಾತ್ರ ಗಟ್ಟಿಗ. ವಿಶ್ವದ ಮೇಲ್ಮಟ್ಟದ ಬಿಲ್ಲುಗಾರರು ದುಬಾರಿ ಕೊಟ್ಟು ಅದನ್ನೇ ಆರಿಸುತ್ತಾ ಬಂದಿದ್ದಾರೆ.

ನನ್ನ ಬತ್ತಳಿಕೆಯಲ್ಲಿ ಈಗ 18 ಮತ್ತು 30 ಮೀಟರಿಗೆ ಜಾಝ್ 1816 ಮಾತ್ರ. ಕೊಳ್ಳುವವರು ಒಟ್ಟಿಗೇ ಒಂದು ಡಜನ್ ತೆಗೆದುಕೊಳ್ಳಿ, ಅಂಗಡಿಯಲ್ಲೇ ಒಂದೊಂದನ್ನೂ ಉರುಳಿಸಿ ನೋಡಿ, ಉದ್ದವನ್ನು ನಿಮ್ಮ ಕ್ಲಿಕರ್ ಗೊತ್ತಾದ ಮೇಲಷ್ಟೇ ಕತ್ತರಿಸಿ. ಮೊನೆಗೆ ಹಾಟ್‌ಮೆಲ್ಟ್ ಅಂಟು ಸಾಕು; ಬಿಸಿ ಮಾಡುವಾಗ ಕೊಳವೆಯನ್ನಲ್ಲ, ಮೊನೆಯನ್ನು ಮಾಡಿ.